ಕ್ಯೂಟ್ ಇದ್ರೆ ಸಾಕಾ?

ಸಿಲ್ಕಿ ಕೋಳಿಯ ರೀಲ್ ಕಂಡರೆ ನಾವೆಲ್ಲ ‘ಎಷ್ಟು ಕ್ಯೂಟ್’ ಅಂತೀವಿ. ಆ ರೇಷ್ಮೆಯಂಥ ಪುಕ್ಕಕ್ಕೆ ಕಾರಣ ಡಿಎನ್‌ಎಯಲ್ಲಿ ಬದಲಾದ ಒಂದೇ ಒಂದು ಅಕ್ಷರ. ನಮ್ಮ ಕೋಡ್‌ನಲ್ಲಿ ಪ್ಲಸ್ ಇರಬೇಕಾದ ಕಡೆ ಮೈನಸ್ ಬಿದ್ದ ಹಾಗೆ. ಹುಂಜ, ಹೇಂಟೆ ಎರಡರಿಂದಲೂ ಅದು ಬಂದರೆ, ಪುಕ್ಕದ ಎಳೆಗಳನ್ನು ಹೆಣೆದು ಹಿಡಿಯೋ ಸಣ್ಣ ಕೊಕ್ಕೆಗಳು ಸರಿಯಾಗಿ ಬೆಳೆಯಲ್ಲ. ಹಾಗಾಗಿ ಸಿಲ್ಕಿಗೆ ಹಾರೋಕಾಗಲ್ಲ, ಮಳೆ ಬಂದರೆ ಮೈಯೆಲ್ಲ ನೆನೆಯುತ್ತೆ.

ಇದರ ಮೇಲೆ ನಮಗೆ ಬಣ್ಣದ ಆಸೆ ಬೇರೆ. ‘ನೀಲಿ’ ಅಂತ ಕರೆಯೋ ಬೂದು ಕೋಳಿಗಳನ್ನೇ ಜೋಡಿ ಮಾಡಿದರೂ ಸರಾಸರಿ ಅರ್ಧ ಮರಿಗಳಷ್ಟೇ ನೀಲಿ. ಕಾಲು ಭಾಗ ಕಪ್ಪು, ಇನ್ನು ಕಾಲು ಭಾಗ ಮಾಸಲು ಬಿಳಿ. ಅವನ್ನ ಯಾರು ಸಾಕ್ತಾರೆ?

ಸಾಕೋದಾದರೆ ಮೊದಲು ಒಣಗಿರೋ ಗೂಡು ಮಾಡೋಣ, ಬಂದ ಬಣ್ಣವನ್ನ ಒಪ್ಪಿಕೊಳ್ಳೋಣ. ಇಲ್ಲಾಂದ್ರೆ ರೀಲ್‌ಗೆ ಲೈಕ್ ಒತ್ತಿ ಸುಮ್ಮನಿರೋಣ.