ಪಂತ್‌ಗಾಗಿ ಬಸ್ ನಿಲ್ತು, ನಾವು ಗಾಡಿ ನಿಲ್ಲಿಸಲಿಲ್ಲ

ನಾವು ನಾಲ್ಕು ಜನ. ಒಬ್ಬ ಕೋಲಾರ ಟೌನ್, ಒಬ್ಬ ಮಾಲೂರು, ಒಬ್ಬ ಮುಳಬಾಗಿಲು, ಒಬ್ಬ ಶ್ರೀನಿವಾಸಪುರ. ಮನೇಲಿ ಅರ್ಧ ತೆಲುಗು, ಸ್ಕೂಲಲ್ಲಿ ಪೂರ್ತಿ ಇಂಗ್ಲಿಷ್, ಬಸ್‌ಸ್ಟ್ಯಾಂಡಲ್ಲಿ ಕನ್ನಡ. ಹೀಗೆ ಬೆಳೆದವರು. ಕನ್ನಡ ಸಂಘದವರು "ಈ ಸಲ ನೀವೂ ಏನಾದ್ರೂ ಬರೀರಿ" ಅಂದಾಗ ಎರಡು ವಾರ ಕ್ಯಾಂಟೀನ್ ಕಡೆ ತಲೆ ಹಾಕದೆ ತಪ್ಪಿಸಿಕೊಂಡೆವು. ಕೊನೆಗೆ ಬರೆಯೋಕೆ ಕೂತಾಗ ನಮ್ಮ ಹತ್ರ ಇದ್ದಿದ್ದು ಒಂದೇ ವಿಷಯ. ಅದು ನಮಗೆ ಹೆಮ್ಮೆ ತರೋ ವಿಷಯ ಅಲ್ಲ. ಕಾಗುಣಿತ ತಪ್ಪಿದ್ರೆ ಸಂಪಾದಕರು ತಿದ್ದಲಿ, ವಿಷಯ ಮಾತ್ರ ಹಾಗೇ ಬಿಡಲಿ.

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ರಾಹುಲ್ ದ್ರಾವಿಡ್ ಅವರ ಕಾರಿಗೂ ಒಂದು ಗೂಡ್ಸ್ ಆಟೋಗೂ ತಾಗಿತ್ತು, ನೆನಪಿದೆಯಾ? ಯಾರಿಗೂ ಏನೂ ಆಗಿರಲಿಲ್ಲ. ದ್ರಾವಿಡ್ ಕಾರಿಂದ ಇಳಿದು ಡ್ರೈವರ್ ಜೊತೆ ಕನ್ನಡದಲ್ಲಿ ಮಾತಾಡಿದ ವಿಡಿಯೋ ನಮ್ಮ ಎಲ್ಲಾ ಗ್ರೂಪಿಗೂ ಬಂತು. ನಾವೂ ಹತ್ತು ಸಲ ನೋಡಿ ನಕ್ಕೆವು. ಕ್ರಿಕೆಟರ್ ಕಾರಿಗೆ ಗೀರು ಬಿದ್ರೆ ಅದು ಸುದ್ದಿ. ನಮ್ಮೂರ ರಸ್ತೇಲಿ ಮನುಷ್ಯ ಬಿದ್ರೆ ಮಾರನೇ ದಿನ ಪೇಪರಲ್ಲಿ ನಾಲ್ಕು ಸಾಲು, ಅದೂ ಜಿಲ್ಲಾ ಪುಟದಲ್ಲಿ.

ನಗು ಬರದ ಅಪಘಾತ ಅಂದ್ರೆ ರಿಷಭ್ ಪಂತ್ ಅವರದು. 2022ರ ಡಿಸೆಂಬರ್ 30, ಇನ್ನೂ ಬೆಳಕು ಹರಿದಿರಲಿಲ್ಲ. ಹೊಸ ವರ್ಷಕ್ಕೆ ಅಮ್ಮನ್ನ ನೋಡೋಕೆ ದೆಹಲಿಯಿಂದ ರೂರ್ಕಿಗೆ ಒಬ್ಬರೇ ಕಾರು ಓಡಿಸಿಕೊಂಡು ಹೋಗ್ತಾ ಇದ್ದರು. ಕಾರು ಡಿವೈಡರ್‌ಗೆ ಹೊಡೆದು ಉರುಳಿ ಬೆಂಕಿ ಹತ್ತಿಕೊಂಡಿತು. ನಿದ್ದೆ ಬಂದು ಹಾಗಾಯ್ತು ಅಂತ ಮೊದಲು ಸುದ್ದಿ, ಆಮೇಲೆ ರಸ್ತೆ ಗುಂಡಿ ಅಂತ ಇನ್ನೊಂದು ಸುದ್ದಿ. ಹೆದ್ದಾರಿ ಪ್ರಾಧಿಕಾರದವರು ಗುಂಡಿ ಇರಲೇ ಇಲ್ಲ ಅಂದರು. ಆ ವಾದ ಒಂದು ವಾರ ನಡೀತು.

ಆಗ ನಾವು ಹೈಸ್ಕೂಲು. "ಪವಾಡ ಮಗಾ" ಅಂತ ಮಾತಾಡಿಕೊಂಡೆವು. ಈಗ ಎಂಜಿನಿಯರಿಂಗ್ ಓದ್ತಾ ಇರೋದ್ರಿಂದ ಪವಾಡವನ್ನ ಸ್ವಲ್ಪ ಬಿಡಿಸಿ ನೋಡೋಣ ಅನಿಸಿತು. ಒಂದು, ಗಟ್ಟಿಯಾದ ಕಾರು. ಎರಡು, ಎದುರಿಂದ ಬರ್ತಿದ್ದ ಹರಿಯಾಣ ಸಾರಿಗೆ ಬಸ್. ಡ್ರೈವರ್ ಸುಶೀಲ್ ಕುಮಾರ್ ಬಸ್ ನಿಲ್ಲಿಸಿ, ಕಂಡಕ್ಟರ್ ಪರಮ್‌ಜೀತ್ ಜೊತೆ ಓಡಿಹೋಗಿ ಪಂತ್ ಅವರನ್ನ ಕಾರಿಂದ ದೂರ ತಂದರು, ಆಂಬುಲೆನ್ಸ್ ಕರೆಸಿದರು. ಮೂರು, ಒಳ್ಳೆ ಆಸ್ಪತ್ರೆ. ಮುಂಬೈನಲ್ಲಿ ಮೊಣಕಾಲಿಗೆ ಆಪರೇಷನ್, ಆಮೇಲೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ನಡಿಗೆಯಿಂದ ಶುರು ಮಾಡಿ ಕಸರತ್ತು. 2023ರ ವಿಶ್ವಕಪ್‌ನಲ್ಲಿ ಅವರ ಗ್ಲೌಸ್ ನಮ್ಮ ಕೆ.ಎಲ್. ರಾಹುಲ್ ಕೈಗೆ ಬಂದಿತ್ತು. ಪಂತ್ ಮತ್ತೆ ದೊಡ್ಡ ಪಂದ್ಯ ಆಡಿದ್ದು 2024ರ ಮಾರ್ಚ್‌ನಲ್ಲಿ, ಐಪಿಎಲ್‌ನಲ್ಲಿ. ಅದೇ ವರ್ಷ ಟಿ20 ವಿಶ್ವಕಪ್ ಗೆದ್ದ ತಂಡದಲ್ಲೂ ಇದ್ದರು.

ಈ ಮೂರರಲ್ಲಿ ನಮ್ಮನ್ನ ಕಾಡಿದ್ದು ಎರಡನೆಯದು. ಯಾಕಂದ್ರೆ ಆ ಡ್ರೈವರ್ ಆಮೇಲೆ ಪತ್ರಕರ್ತರಿಗೆ ಹೇಳಿದ ಪ್ರಕಾರ ಅವರು ಕ್ರಿಕೆಟ್ ನೋಡೋದೇ ಇಲ್ಲ. ಬಿದ್ದಿದ್ದು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ಅಂದ್ರೆ ಆ ಬಸ್ ನಿಂತಿದ್ದು ಸ್ಟಾರ್ ಆಟಗಾರನಿಗಾಗಿ ಅಲ್ಲ, ರಸ್ತೇಲಿ ಬಿದ್ದಿದ್ದ ಒಬ್ಬ ಮನುಷ್ಯನಿಗಾಗಿ.

ಈಗ ನಮ್ಮ ವಿಷಯಕ್ಕೆ ಬರ್ತೀವಿ.

ಹೋದ ಮಾವಿನ ಸೀಸನ್‌ನಲ್ಲಿ ಶ್ರೀನಿವಾಸಪುರದ ಗೆಳೆಯನ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿಸಿ ನಾಲ್ಕೂ ಜನ ಕೋಲಾರದ ಕಡೆ ಹೊರಟಾಗ ರಾತ್ರಿ ಎಂಟು ದಾಟಿತ್ತು. ಎರಡು ಗಾಡಿ, ನಾಲ್ಕು ಜನ, ಒಂದೇ ಹೆಲ್ಮೆಟ್. ಆ ಒಂದೂ ತಲೆ ಮೇಲಿರಲಿಲ್ಲ, ಕನ್ನಡಿಗೆ ನೇತಾಡ್ತಿತ್ತು. ಗಾಡಿ ಓಡಿಸ್ತಿದ್ದ ಇಬ್ಬರಲ್ಲಿ ಒಬ್ಬನ ಹತ್ರ ಇದ್ದಿದ್ದು ಎಲ್‌ಎಲ್‌ಆರ್ ಮಾತ್ರ.

ಒಂದು ತಿರುವು ದಾಟಿದ ಮೇಲೆ, ಮಾವಿನ ತೋಟದ ಬೇಲಿ ಪಕ್ಕ, ಒಂದು ಎಕ್ಸೆಲ್ ಗಾಡಿ ಬಿದ್ದಿತ್ತು. ಹೆಡ್‌ಲೈಟ್ ಇನ್ನೂ ಉರೀತಿತ್ತು. ಪಕ್ಕದಲ್ಲಿ ಒಬ್ಬರು ಬಿದ್ದಿದ್ದರು. ನಮ್ಮ ಅಪ್ಪಂದಿರ ವಯಸ್ಸು. ಕೈ ಎತ್ತಿದರು. ಕೈ ಎತ್ತಿದ್ದನ್ನ ನಾವು ನಾಲ್ಕೂ ಜನ ನೋಡಿದೆವು. ಆಮೇಲೆ ಒಬ್ಬೊಬ್ಬರನ್ನೂ ಕೇಳಿ ಖಚಿತ ಮಾಡಿಕೊಂಡಿದ್ದೀವಿ.

ಗಾಡಿ ಸ್ಲೋ ಮಾಡಿದೆವು. "ಲೋ, ಪೊಲೀಸ್ ಬಂದ್ರೆ ಮೊದ್ಲು ನಮ್ಮನ್ನೇ ಹಿಡಿತಾರೆ ಮಗಾ, ಹೆಲ್ಮೆಟ್ ಇಲ್ಲ, ಲೈಸೆನ್ಸ್ ಇಲ್ಲ." "ನಾವೇ ಗುದ್ದಿದ್ದು ಅಂದ್ಬಿಟ್ರೆ?" "ಹಿಂದೆ ಯಾರೋ ಬರ್ತಾ ಇದಾರೆ ಬಿಡೋ." ಮೂರು ವಾಕ್ಯ, ಅಷ್ಟೇ. ಮತ್ತೆ ಆಕ್ಸಿಲರೇಟರ್ ತಿರುವಿದೆವು. ಮುಂದೆ ಟೀ ಅಂಗಡಿ ಹತ್ರ ನಿಂತು 108ಕ್ಕೆ ಫೋನ್ ಮಾಡಿದೆವು. ಜಾಗದ ಹೆಸರು ಕೇಳಿದರೆ ಸರಿಯಾಗಿ ಹೇಳೋಕೂ ಬರಲಿಲ್ಲ.

ಹಿಂದೆ ನಿಜವಾಗಿಯೂ ಯಾರೋ ಬರ್ತಾ ಇದ್ದರು. ಹಾಲಿನ ಗಾಡಿ ಡ್ರೈವರ್. ಅವರು ನಿಲ್ಲಿಸಿ, ಕ್ಯಾನ್‌ಗಳನ್ನ ಪಕ್ಕಕ್ಕೆ ಸರಿಸಿ, ಆ ಮನುಷ್ಯನನ್ನ ಮಲಗಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು. ಕಾಲು ಮುರಿದಿತ್ತು, ಜೀವ ಉಳೀತು. ಇದು ಗೊತ್ತಾಗಿದ್ದು ಮಾರನೇ ದಿನ, ಗೆಳೆಯನ ಅಪ್ಪ ಫೋನ್ ಮಾಡಿದಾಗ. "ನೀವೂ ಅದೇ ಹೊತ್ತಿಗೆ ಅದೇ ದಾರೀಲಿ ಹೋದ್ರಲ್ಲಪ್ಪಾ, ನೋಡ್ಲಿಲ್ವಾ?" ಅಂತ ಕೇಳಿದರು. ಸ್ಪೀಕರ್ ಆನ್ ಇತ್ತು. "ಇಲ್ಲ ಅಂಕಲ್" ಅಂದೆವು.

ಇದನ್ನ ಬರೀತಾ ಇರೋದು ಅದಕ್ಕೇ. ನಾವು ಕೆಟ್ಟವರೇನಲ್ಲ ಅಂತ ನಮಗೆ ನಾವೇ ಎಷ್ಟೋ ಸಲ ಹೇಳಿಕೊಂಡೆವು. ಆದರೆ ಯೋಚನೆ ಮಾಡಿದಾಗ ಒಂದು ಸರಳ ವಿಷಯ ಹೊಳೀತು. ಅವತ್ತು ನಮ್ಮ ತಲೆ ಮೇಲೆ ಹೆಲ್ಮೆಟ್, ಜೇಬಲ್ಲಿ ಲೈಸೆನ್ಸ್ ಇದ್ದಿದ್ರೆ ನಾವು ನಿಲ್ಲಿಸ್ತಾ ಇದ್ದೆವು. ಹೆಲ್ಮೆಟ್ ಹಾಕದಿದ್ರೆ ಹೋಗೋದು ನಮ್ಮ ತಲೆ ತಾನೇ, ಬೇರೆಯವರಿಗೇನು ಅಂತ ಎಲ್ಲರೂ ಹೇಳ್ತಾರೆ. ಹಾಗಲ್ಲ. ರೂಲ್ಸ್ ಮುರಿದವನು ಪೊಲೀಸ್‌ಗೆ ಹೆದರ್ತಾನೆ. ಪೊಲೀಸ್‌ಗೆ ಹೆದರೋನು ಬಿದ್ದವರ ಹತ್ರ ನಿಲ್ಲಲ್ಲ. ನಮ್ಮ ಕಡೆ ಒಂದು ಅಭ್ಯಾಸ ಇದೆಯಲ್ಲ, ಮುಂದೆ ಚೆಕಿಂಗ್ ಇದ್ರೆ ಎದುರು ಬರೋರಿಗೆ ಹೆಡ್‌ಲೈಟ್ ಮಿಟುಕಿಸಿ ಹೇಳೋದು. ಪೊಲೀಸಿಂದ ತಪ್ಪಿಸೋಕೆ ಗುರುತಿಲ್ಲದವರಿಗೂ ಸಹಾಯ ಮಾಡ್ತೀವಿ. ಸಾವಿಂದ ತಪ್ಪಿಸೋಕೆ ಮಾತ್ರ ಯಾರೋ ಬರ್ತಾರೆ ಬಿಡು ಅಂತೀವಿ.

ಕಾನೂನು ನಾವು ಅಂದುಕೊಂಡ ಹಾಗೆ ಇಲ್ಲ ಅನ್ನೋದೂ ಆಮೇಲೆ ಗೊತ್ತಾಯ್ತು. 2016ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಮಾರ್ಗಸೂಚಿ ಒಪ್ಪಿತ್ತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಡೋ ಸೆಕ್ಷನ್ನೇ ಬಂತು. ಗಾಯಾಳುವನ್ನ ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡೋ ಹಾಗಿಲ್ಲ. ಅಲ್ಲೇ ಕೂರಿಸಿಕೊಳ್ಳೋ ಹಾಗೂ ಇಲ್ಲ. ನಮ್ಮ ರಾಜ್ಯದಲ್ಲಿ ಇನ್ನೊಂದೂ ಬಂದಿತ್ತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ರ ಲಾರಿ ಹರಿದು ದೇಹವೇ ತುಂಡಾಗಿದ್ದ ಹರೀಶ್ ಅನ್ನೋ ಯುವಕ, ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಅವರ ಹೆಸರಲ್ಲೇ ಶುರುವಾದ ಸಾಂತ್ವನ ಹರೀಶ್ ಯೋಜನೆಯಲ್ಲಿ, ಅಪಘಾತವಾದ ಮೊದಲ 48 ಗಂಟೆ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರ ಕೊಡುತ್ತೆ ಅಂತ ಇತ್ತು. ಇದೆಲ್ಲ ನಮಗೆ ಯಾವ ಸ್ಕೂಲಲ್ಲೂ ಯಾರೂ ಹೇಳಿಕೊಡಲಿಲ್ಲ. ನಾವೂ ಕೇಳಲಿಲ್ಲ.

"ಎಲ್ಲಾ ನಮ್ಮ ತಪ್ಪೇನಾ? ರಸ್ತೆ ಸರಿಯಿಲ್ಲ ಗುರು" ಅಂತೀರಾ? ಒಪ್ತೀವಿ. ನಮ್ಮ ನಾಲ್ಕು ತಾಲ್ಲೂಕಿನ ರಸ್ತೆ ನಮಗೆ ಬಾಯಿಪಾಠ. ಟೊಮೇಟೊ ಸೀಸನ್ ಬಂದ್ರೆ ಕೋಲಾರದ ಎಪಿಎಂಸಿಗೆ ಬೆಳಗಿನ ಹರಾಜಿಗೆ ಮುಟ್ಟಬೇಕು ಅಂತ ಕ್ರೇಟ್ ತುಂಬಿದ ಪಿಕಪ್‌ಗಳು ಹಾರಿಕೊಂಡು ಬರ್ತವೆ. ಮುಳಬಾಗಿಲು ಹೈವೇಲಿ ಯೂ-ಟರ್ನ್ ದೂರ ಅಂತ ರಾಂಗ್ ಸೈಡಲ್ಲೇ ಬರೋರು, ಅದರಲ್ಲಿ ನಮ್ಮ ಚಿಕ್ಕಪ್ಪಂದಿರೂ ಇದಾರೆ. ಶ್ರೀನಿವಾಸಪುರದಲ್ಲಿ ಮಾವು ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದೆ ಒಂದು ಲೈಟೂ ಇರಲ್ಲ. ಮಾಲೂರಲ್ಲಿ ಇಟ್ಟಿಗೆ ಲಾರಿ, ಜಲ್ಲಿ ಟಿಪ್ಪರ್. ಸುಗ್ಗಿ ಕಾಲದಲ್ಲಂತೂ ರಸ್ತೆಯೇ ಕಣ. ರಾಗಿ, ಹುರುಳಿ ತಂದು ಟಾರ್ ಮೇಲೆ ಹರಡ್ತಾರೆ, ಚಕ್ರದಡಿ ಒಕ್ಕಣೆ ಆಗುತ್ತೆ, ಬೈಕಿನವನು ಜಾರಿ ಬೀಳ್ತಾನೆ. ಅವರನ್ನ ಬೈದು ಏನು ಪ್ರಯೋಜನ, ಕಣಕ್ಕೆ ಜಾಗ ಇಲ್ಲದವರು. ಇನ್ನು ಹೊಸಕೋಟೆಯಿಂದ ಬೇತಮಂಗಲದವರೆಗಿನ ಹೊಸ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ಲ ಅಂತ ಬೋರ್ಡ್ ಇದ್ರೂ ರೀಲ್ಸ್ ಮಾಡೋಕೆ ನುಗ್ಗೋರು ನಮ್ಮ ವಯಸ್ಸಿನವರೇ.

ರಸ್ತೆ ಸರಿ ಮಾಡೋದು ಸರ್ಕಾರದ ಕೆಲಸ, ನಾಳೆ ನಮ್ಮ ಸಿವಿಲ್ ಬ್ರಾಂಚಿನವರ ಕೆಲಸ. ಆದರೆ ಹಂಪ್‌ಗೆ ಬಣ್ಣ ಬಳಿಯೋವರೆಗೂ ತಲೆ ಕಾಯಬೇಕಲ್ಲ. ಸಣ್ಣ ಲೆಕ್ಕ ಮಾಡಿ ನೋಡಿ. 50 ಕಿಲೋಮೀಟರ್ ಸ್ಪೀಡ್ ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಮೇಲಿಂದ ಬಿದ್ದು ಆ ವೇಗ ಮುಟ್ಟಬೇಕಾದ್ರೆ ಸುಮಾರು 10 ಮೀಟರ್ ಎತ್ತರ ಬೇಕು, ಅಂದ್ರೆ ಮೂರನೇ ಮಹಡಿ. ಮೂರನೇ ಮಹಡಿ ಗೋಡೆ ಮೇಲೆ ಕೂತ್ರೆ ಎಚ್‌ಒಡಿ ಸರ್ ಓಡಿ ಬಂದು ಬೈತಾರೆ. ಅದೇ 50ರಲ್ಲಿ ಬರಿದಲೆಯಲ್ಲಿ ಗೇಟ್ ದಾಟಿದ್ರೆ ಯಾರೂ ಏನೂ ಅನ್ನಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು. ಹಿಂದೆ ಕೂತವರಿಗೆ ಯಾಕೆ ಹೆಲ್ಮೆಟ್ ಅನ್ನೋರಿಗೆ ಈ ಕೊನೆ ಅಂಕಿ. ನಟ ಸಂಚಾರಿ ವಿಜಯ್ ಅವರನ್ನ ನಾವು 2021ರ ಜೂನ್‌ನಲ್ಲಿ ಕಳೆದುಕೊಂಡಿದ್ದೂ ಹೀಗೇ, ಗೆಳೆಯನ ಬೈಕಿನ ಹಿಂದಿನ ಸೀಟಿಂದ. ನಮ್ಮ ಜಿಲ್ಲೆಯ ನರಸಾಪುರದಲ್ಲೇ ಹೋಂಡಾ ಸ್ಕೂಟರ್ ಫ್ಯಾಕ್ಟರಿ ಇದೆ. ಗಾಡಿ ಮಾಡೋ ಜಿಲ್ಲೆಯವರು ಗಾಡಿ ಮೇಲೆ ಹೇಗೆ ಕೂರಬೇಕು ಅಂತ ತೋರಿಸಬೇಕಿತ್ತು. ನಾವು ಐನೂರು ರೂಪಾಯಿ ಫೈನ್ ತಪ್ಪಿಸೋಕೆ ರಸ್ತೆ ಬದಿಯ ಹಾಫ್ ಹೆಲ್ಮೆಟ್ ತಗೊಂಡು ಸ್ಟ್ರಾಪ್ ಕೂಡ ಹಾಕಲ್ಲ.

ದೊಡ್ಡ ಉಪದೇಶ ಮಾಡೋ ಯೋಗ್ಯತೆ ನಮಗಿಲ್ಲ, ಅದು ಮೇಲೇ ಗೊತ್ತಾಗಿರುತ್ತೆ. ನಾವು ಮಾಡಿಕೊಂಡಿದ್ದನ್ನ ಹೇಳ್ತೀವಿ. ಎಲ್‌ಎಲ್‌ಆರ್ ಗೆಳೆಯ ಡಿಎಲ್ ಮಾಡಿಸೋವರೆಗೂ ಬಸ್ಸಲ್ಲೇ ಬಂದ. ಎರಡು ಗಾಡಿಗೆ ಐಎಸ್‌ಐ ಗುರುತಿರೋ ನಾಲ್ಕು ಹೆಲ್ಮೆಟ್ ತಗೊಂಡೆವು, ಒಂದು ತಿಂಗಳ ಪಾಕೆಟ್ ಮನಿ ಹೋಯ್ತು. 108 ಮತ್ತು 112 ಎರಡೂ ಫೋನಲ್ಲಿ ಸೇವ್ ಆಗಿವೆ. ದಾರೀಲಿ ಕಿಲೋಮೀಟರ್ ಕಲ್ಲು, ಊರಿನ ಬೋರ್ಡು ಓದ್ಕೊಂಡು ಹೋಗ್ತೀವಿ. ಕೇಳಿದ್ರೆ ಎಲ್ಲಿದ್ದೀವಿ ಅಂತ ಹೇಳೋಕೆ ಬರಬೇಕಲ್ಲ.

ಕಾಲೇಜಿಗೆ ಎರಡು ಕೋರಿಕೆ. ಹೆಲ್ಮೆಟ್ ಇಲ್ಲದ ಗಾಡಿಯನ್ನ ಗೇಟಲ್ಲೇ ನಿಲ್ಲಿಸಿ, ಹಿಂದೆ ಕೂತವರಿಗೂ ಇದೇ ರೂಲ್ ಇರಲಿ, ನಮ್ಮಿಂದಲೇ ಶುರುವಾಗಲಿ. ಮುಂದಿನ ಎನ್‌ಎಸ್‌ಎಸ್ ಕ್ಯಾಂಪಲ್ಲಿ ಇನ್ನೊಂದು ಸಲ ಗೋಡೆಗೆ ಸುಣ್ಣ ಬಳಿಯೋ ಬದಲು ರಿಫ್ಲೆಕ್ಟರ್ ಟೇಪ್ ತಗೊಂಡು ಮಾರ್ಕೆಟ್ ಹತ್ರ ನಿಂತು ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಅಂಟಿಸೋಣ. ನಾವು ನಾಲ್ಕು ಜನ ಬರ್ತೀವಿ.

ಇನ್ನೊಂದು ಕೆಲಸ ಬಾಕಿ ಇದೆ. ಈ ಲೇಖನ ಹೊರಗೆ ಬರೋ ಮೊದಲು ಶ್ರೀನಿವಾಸಪುರಕ್ಕೆ ಹೋಗಿ, ಆ ಅಂಕಲ್ ಮುಂದೆ ಕೂತು, "ನೋಡಿದ್ವಿ ಅಂಕಲ್, ನಿಲ್ಲಿಸ್ಲಿಲ್ಲ" ಅಂತ ಹೇಳಬೇಕು. ಈ ಭಾನುವಾರ ಹೊರಡ್ತಾ ಇದ್ದೀವಿ. ನಾಲ್ಕು ಹೆಲ್ಮೆಟ್ ಹಾಕಿಕೊಂಡು.