ಸೈನೈಡ್ ಗುಡ್ಡಗಳನ್ನು ಕೆದಕುವ ಮುನ್ನ

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದು ಬಿಸುಟ ಹುಡಿಮಣ್ಣು ಗುಡ್ಡಗಳಾಗಿ ಕೆ.ಜಿ.ಎಫ್.ನಲ್ಲಿ ಉಳಿಯಿತು. ಜನ ಅವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. 1,003 ಎಕರೆಗಳಲ್ಲಿ ಹರಡಿರುವ ಇಂತಹ 13 ರಾಶಿಗಳಲ್ಲಿ ಮೇಲ್ಮೈ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಸಮ್ಮತಿಸಿತು.

ಉದ್ಯೋಗದ ಆಸೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರಾಶಿಯನ್ನು ಅಗೆದಾಗ ಸಿಲಿಕಾ ಬೆರೆತ ನುಣ್ಣನೆಯ ಧೂಳು ಮೇಲೇಳುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಗುಣವಾಗದ ರೋಗ. ಮಳೆ ಬಂದರೆ ಅದೇ ಮಣ್ಣು ಹಳ್ಳ, ಕೆರೆಗಳಿಗೆ ಇಳಿಯುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಗೆ ಕೆರೆಯೇ ಜೀವ.

ಆದುದರಿಂದ ಮೊದಲ ಗುದ್ದಲಿ ಬೀಳುವ ಮುನ್ನವೇ ಸುತ್ತಲಿನ ಬಾವಿ, ಕೆರೆ, ಗಾಳಿಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡಬೇಕು. ಈಗಿನ ಸ್ಥಿತಿಯ ದಾಖಲೆಯಿಲ್ಲದಿದ್ದರೆ ನಾಳಿನ ಹಾನಿಯನ್ನು ಸಾಬೀತುಪಡಿಸುವುದು ಹೇಗೆ? ನೀರು ಸಿಂಪಡಣೆ, ಲಾರಿಗಳಿಗೆ ಹೊದಿಕೆ, ಮಳೆನೀರು ತಡೆಯುವ ಕಾಲುವೆ, ಕಾರ್ಮಿಕರ ಎದೆ ತಪಾಸಣೆ, ಕೊನೆಗೆ ಉಳಿಯುವ ಮಣ್ಣಿನ ಮೇಲೆ ಹಸಿರು ಇವೆಲ್ಲವೂ ಪರವಾನಗಿಯ ಷರತ್ತುಗಳಾಗಬೇಕು. ಅದರ ವೆಚ್ಚವನ್ನು ಮುಂಗಡವಾಗಿ ಠೇವಣಿ ಇರಿಸಬೇಕು.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಲ್ಲುಗಣಿಗಳ ಬಳಿಯ ಹಳ್ಳಿಗರೂ ಇದನ್ನೇ ಕೇಳಲಿ. ಚಿನ್ನ ಊರು ಬಿಟ್ಟು ಹೋಗಿ ಧೂಳು ಮಾತ್ರ ಉಳಿದುದನ್ನು ಒಮ್ಮೆ ಕಂಡಿದ್ದೇವೆ. ಮತ್ತೊಮ್ಮೆ ಕಾಣುವುದು ಬೇಡ.