ಅವಸರ ಯಾರದು?

‘ರೋಮಿಯೋ ಅಂಡ್ ಜೂಲಿಯೆಟ್’ ಪ್ರೇಮಕಥೆಯೇ ಅಲ್ಲ. 13 ವರ್ಷದ ಹುಡುಗಿ, ನಾಲ್ಕು ದಿನದ ಪರಿಚಯ, ಆರು ಹೆಣ, ಅಷ್ಟೇ ಎನ್ನುವ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಮೊನ್ನೆ ಮದುವೆಮನೆಯೊಂದರ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಹಿರಿಯರು ಅದನ್ನೇ ಓದಿ ಹೇಳಿ, ‘ಹುಡುಗರು ಸ್ವಲ್ಪ ತಾಳಿದ್ದರೆ ಇಬ್ಬರೂ ಉಳೀತಿದ್ರು’ ಎಂದರು. ಲೆಕ್ಕವೇನೋ ಸರಿಯೇ, ತೀರ್ಪು ಮಾತ್ರ ತಪ್ಪು. ಆ ನಾಟಕದಲ್ಲಿ ಎಲ್ಲರಿಗಿಂತ ಹೆಚ್ಚು ಅವಸರಪಟ್ಟವನು ಹುಡುಗಿಯ ಅಪ್ಪ.

ಭಾನುವಾರ ಪ್ಯಾರಿಸ್ ಹೆಣ್ಣು ಕೇಳಿದಾಗ ಕ್ಯಾಪುಲೆಟ್ ಆಡುವುದು ವಿವೇಕದ ಮಾತೇ: ಮಗಳಿಗಿನ್ನೂ 14 ತುಂಬಿಲ್ಲ, ಎರಡು ಬೇಸಗೆ ಕಳೆಯಲಿ, ಅವಳ ಒಪ್ಪಿಗೆಯೂ ಬೇಕು. ಸೋಮವಾರ ಬೀದಿಜಗಳದಲ್ಲಿ ಮನೆಯ ನೆಂಟ ಟಿಬಾಲ್ಟ್ ಸಾಯುತ್ತಾನೆ. ಅಂದು ರಾತ್ರಿಯೇ, ಸಾವಿನ ಮನೆಯಲ್ಲಿ ಕೂತು, ಇದೇ ಅಪ್ಪ ಇವತ್ತು ಯಾವ ವಾರ ಎಂದು ಕೇಳುತ್ತಾನೆ. ಬುಧವಾರ ತೀರಾ ಹತ್ತಿರವಾಯಿತೆಂದು ಗುರುವಾರಕ್ಕೆ ಮದುವೆ ನಿಶ್ಚಯಿಸುತ್ತಾನೆ. ಈ ಅವಸರ ಒಪ್ಪಿಗೆಯೇ ಎಂದು ವರನನ್ನು ಕೇಳುತ್ತಾನೆ, ಮಗಳನ್ನಲ್ಲ. ಒಲ್ಲೆ ಎಂದ ಮಗಳಿಗೆ ಬೀದಿಯಲ್ಲಿ ತಿರಿದು ಸಾಯಿ ಎನ್ನುತ್ತಾನೆ. ಮಂಗಳವಾರ ಅವಳು ತಲೆಬಾಗಿದಂತೆ ನಟಿಸಿದ್ದೇ ತಡ, ಹಿಗ್ಗಿಹೋಗಿ ಮದುವೆಯನ್ನು ಮರುದಿನಕ್ಕೇ ಎಳೆಯುತ್ತಾನೆ. ಗುರುವಾರವೇ ಇರಲಿ, ಸಾಮಾನು ಸಾಲದು ಎಂದು ಹೆಂಡತಿ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆಗಲೇ ರೋಮಿಯೋನನ್ನು ಗುಟ್ಟಾಗಿ ಮದುವೆಯಾಗಿದ್ದ ಹುಡುಗಿಯನ್ನು ಇದರಿಂದ ಪಾರುಮಾಡಲು ಲಾರೆನ್ಸ್ ಪಾದ್ರಿ ಮಾಡಿದ ಏರ್ಪಾಡು ಬುಧವಾರ ರಾತ್ರಿಗೆ ಆಗಿತ್ತು. ಔಷಧಿ ಕುಡಿದವಳು 42 ಗಂಟೆ ಹೆಣದಂತೆ ಬಿದ್ದಿರಬೇಕು, ಅಷ್ಟರಲ್ಲಿ ಪತ್ರ ಗಡಿಪಾರಾಗಿ ಮಾಂಟುವಾದಲ್ಲಿದ್ದ ರೋಮಿಯೋಗೆ ಮುಟ್ಟಬೇಕು. ಈಗ ಅವಳು ಮಂಗಳವಾರವೇ ಕುಡಿಯಬೇಕಾಯಿತು. ಪತ್ರ ಒಯ್ಯಬೇಕಿದ್ದವನನ್ನು ಪ್ಲೇಗಿನ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕಿದರು. ಮತ್ತೊಬ್ಬನನ್ನು ಕಳಿಸಲು ಬೇಕಿದ್ದ ಆ ಒಂದು ದಿನವನ್ನು ಅಪ್ಪ ಆಗಲೇ ಕಿತ್ತುಕೊಂಡಿದ್ದ.

ಪ್ಲೇಗು ಯಾರ ತಪ್ಪೂ ಅಲ್ಲವಲ್ಲ, ಇದು ಆಕಸ್ಮಿಕಗಳ ನಾಟಕ ಎನ್ನುವವರಿದ್ದಾರೆ. ಅವರ ಮಾತಿಗೆ ತೂಕವಿದೆ. ರೋಮಿಯೋ ದುಡುಕಿನವನೆಂಬುದೂ ನಿಜ. ಬೆಳಿಗ್ಗೆ ರೋಸಲಿನ್‌ಗಾಗಿ ಕೊರಗುತ್ತಿದ್ದವನು ರಾತ್ರಿ ಜೂಲಿಯೆಟ್‌ಗೆ ಮನಸೋಲುತ್ತಾನೆ. ಆದರೆ ಹೆಂಡತಿ ಬದುಕಿದ್ದಾಳೆಂಬ ಸುದ್ದಿಯೂ ಗಂಡನಿಗೆ ಕದ್ದುಮುಚ್ಚಿ ಹೋಗಬೇಕಾದ ಸ್ಥಿತಿ ತಂದವರು ಯಾರು? ಎರಡು ಮನೆತನಗಳ ಹಗೆಯಿಲ್ಲದ ಊರಿನಲ್ಲಿ ಒಂದು ಪತ್ರ ತಡವಾದರೆ ತಡವಾಯಿತು, ಅಷ್ಟೆ; ಅದಕ್ಕೆ ಯಾರೂ ಸಾಯುವುದಿಲ್ಲ. ಇನ್ನು ಎಲ್ಲ ಹಣೆಬರಹ ಎನ್ನುವವರು ಹಿರಿಯರ ತಪ್ಪನ್ನು ನಕ್ಷತ್ರಗಳ ಮೇಲೆ ಹೊರಿಸುತ್ತಿದ್ದಾರೆ.

ಪಂಕ್ತಿಯ ಹಿರಿಯರ ತೀರ್ಪು ಹೊಸದೇನಲ್ಲ. ಶೇಕ್ಸ್‌ಪಿಯರ್‌ಗೆ ಕಥೆ ಸಿಕ್ಕಿದ್ದು 1562ರಲ್ಲಿ ಅಚ್ಚಾದ ಆರ್ಥರ್ ಬ್ರೂಕ್‌ನ ದೀರ್ಘ ಕವನದಿಂದ. ತಂದೆತಾಯಿಯ ಮಾತು ಮೀರಿದ್ದಕ್ಕೇ ಈ ಗತಿ ಎಂದು ಬ್ರೂಕ್ ತನ್ನ ಮುನ್ನುಡಿಯಲ್ಲೇ ಬರೆದಿದ್ದ. ಅವನಲ್ಲಿ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ, ಹುಡುಗಿ 16ರ ಹತ್ತಿರದವಳು. ಶೇಕ್ಸ್‌ಪಿಯರ್ ವಯಸ್ಸನ್ನೂ ಇಳಿಸಿದ, ಕಾಲವನ್ನೂ ಒಂದು ವಾರದೊಳಕ್ಕೆ ಹಿಂಡಿದ. ಹುಡುಗರ ಆತುರವನ್ನೇ ದೂರುವುದಿದ್ದರೆ ಇದಕ್ಕಿಂತ ಅನುಕೂಲ ಬೇಕಿರಲಿಲ್ಲ. ಆದರೂ, ಇದು ತೀರಾ ಹಠಾತ್ತಾಯಿತು ಎಂದು ಮೊದಲ ರಾತ್ರಿಯೇ ಅಳುಕುವ ಮಾತನ್ನು ಅವನು ಕೊಟ್ಟದ್ದು 13ರ ಆ ಹುಡುಗಿಯ ಬಾಯಿಗೆ. ತನ್ನ ಅವಸರ ಅವಳಿಗೆ ಗೊತ್ತಿತ್ತು.

ಕೊನೆಗೆ ಇಬ್ಬರು ಅಪ್ಪಂದಿರು ಗೋರಿಯ ಬಳಿ ಕೈಹಿಡಿದು, ಒಬ್ಬರ ಮಗುವಿಗೆ ಇನ್ನೊಬ್ಬರು ಚಿನ್ನದ ಪ್ರತಿಮೆ ಮಾಡಿಸುವ ಮಾತು ಕೊಡುತ್ತಾರೆ. ಹಗೆ ಹುಟ್ಟಿದ್ದು ಯಾತಕ್ಕೆಂದು ಆಗಲೂ ಇಬ್ಬರೂ ಹೇಳುವುದಿಲ್ಲ.